ಟೆಲಿಸ್ಕೋಪಿಕ್ ಚಾನೆಲ್ ಡ್ರಾ: ಮನೆಯಲ್ಲೇ ಮಾಡುವ ನನ್ನ ಕ್ರಮ

ಡ್ರಾ ಮಾಡುವಾಗ ನಾನು ಮೊದಲು ಹಿಡಿಯುವುದು ಟೇಪು, ಗರಗಸ ಆಮೇಲೆ. ಕಪಾಟಿನ ಒಳಗಿನ ಅಗಲವನ್ನು ಮುಂದೆ, ನಡುವೆ, ಹಿಂದೆ ಹೀಗೆ ಮೂರು ಕಡೆ ಅಳೆಯುತ್ತೇನೆ. ಕಡಿಮೆ ಬಂದ ಅಳತೆಯೇ ಲೆಕ್ಕಕ್ಕೆ. ಡ್ರಾ ಜಾರಲು ಎರಡೂ ಬದಿಗೆ ಹಾಕುವ ಲೋಹದ ಹಳಿಯೇ ಚಾನೆಲ್. ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಬದಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಜಾಗ ಬೇಕು. ಎರಡೂ ಬದಿ ಸೇರಿ 25.4, ನಾನು 26 ಕಳೆಯುತ್ತೇನೆ. ಡ್ರಾದ ಡಬ್ಬಿ ಒಂದು ಮಿ.ಮೀ. ಸಣ್ಣದಾದರೆ ಚಾನೆಲ್ ಹಿಂದೆ ಮೈಕಾ ಚೂರು ಕೊಟ್ಟು ಸರಿಮಾಡಬಹುದು. ಅಷ್ಟೇ ದೊಡ್ಡದಾದರೆ ಚಾನೆಲ್ ಒಳಗಿನ ಗುಂಡುಗಳು ಬಿಗಿದು ಡ್ರಾ ಜಗ್ಗುತ್ತದೆ, ಬದಿಗೆ ತೋಪಡ (ಮರ ಹೆರೆಯುವ ಉಜ್ಜುಗೊರಡು) ಹೊಡೆಯದೆ ಬೇರೆ ದಾರಿ ಇಲ್ಲ.

ಒಂದು ಲೆಕ್ಕ ನೋಡಿ. ಕಪಾಟಿನ ಒಳಗೆ ಅಗಲ 400, ಎತ್ತರ 150, ಆಳ 470 ಮಿ.ಮೀ. ಇದ್ದರೆ 18 ಇಂಚಿನ ಚಾನೆಲ್ ಹೊಂದುತ್ತದೆ. ಡಬ್ಬಿಯ ಹೊರ ಅಗಲ 374. ಬದಿಯ ಹಲಗೆಗಳು 450 ಉದ್ದ, 120 ಎತ್ತರ. ಮುಂದಿನ ಮತ್ತು ಹಿಂದಿನ ಹಲಗೆ ಬದಿಗಳ ನಡುವೆ ಕೂರುವುದರಿಂದ 374ರಲ್ಲಿ ಎರಡು ಹಲಗೆಯ ದಪ್ಪ ಕಳೆಯಬೇಕು. ಪ್ಲೈ ನಿಜಕ್ಕೂ 12 ಮಿ.ಮೀ. ಇದ್ದರೆ 350. ಅಂಗಡಿಯವರು 12 ಅಂದದ್ದು ಎಷ್ಟೋ ಸಲ ಹನ್ನೊಂದೂವರೆ ಇರುತ್ತದೆ, ಹಾಗಾಗಿ ವರ್ನಿಯರ್ ಹಿಡಿದು ನೋಡಿದ ಮೇಲೆಯೇ ಈ ಎರಡು ತುಂಡು ಕತ್ತರಿಸುತ್ತೇನೆ. ಸಿಂಕಿನ ಹತ್ತಿರದ ಡ್ರಾಗಳಿಗೆ ನೀರು ತಡೆಯುವ 710 ಗ್ರೇಡ್ ಪ್ಲೈ, ಉಳಿದ ಕಡೆ ಸಾಮಾನ್ಯ ಬಳಕೆಯ 303 ಗ್ರೇಡ್ ಸಾಕು.

ತಳಕ್ಕೆ 6 ಮಿ.ಮೀ. ಪ್ಲೈ. ಅದನ್ನು ಕೆಳಗಿನಿಂದ ಮೊಳೆ ಹೊಡೆದು ಅಂಟಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಳಗಿಟ್ಟ ಸಾಮಾನಿನ ಭಾರವೆಲ್ಲ ಮೊಳೆಯನ್ನು ನೇರ ಕೆಳಕ್ಕೆ ಎಳೆಯುತ್ತದೆ, ಸ್ವಲ್ಪ ಕಾಲದಲ್ಲೇ ತಳ ಜೋತುಬಿದ್ದು ಕಪಾಟಿಗೆ ಉಜ್ಜುತ್ತದೆ. ಬದಿ ಮತ್ತು ಮುಂದಿನ ಹಲಗೆಯಲ್ಲಿ, ಕೆಳಗಿನ ಅಂಚಿನಿಂದ 10 ಮಿ.ಮೀ. ಮೇಲೆ, 6 ಅಗಲ 6 ಆಳದ ಗಾಡಿ (ತಳದ ಅಂಚು ಕೂರುವ ಉದ್ದ ಕಾಲುವೆ) ಹೊಡೆದರೆ ಭಾರ ಹಲಗೆಯ ಮೇಲೆಯೇ ಕೂರುತ್ತದೆ. ಟ್ರಿಮ್ಮರ್‌ನಲ್ಲಿ (ಮರ ಕೊರೆಯುವ ಸಣ್ಣ ಕೈಯಂತ್ರ) 6 ಮಿ.ಮೀ. ಬಿಟ್ ಹಾಕಿ, ಒಮ್ಮೆಗೇ ಪೂರ್ತಿ ಆಳಕ್ಕೆ ಇಳಿಸದೆ ಮೂರು ಮೂರು ಮಿ.ಮೀ.ನಂತೆ ಎರಡು ಸಲ ಓಡಿಸುತ್ತೇನೆ. ಟ್ರಿಮ್ಮರ್ ಇಲ್ಲದಿದ್ದರೆ ಸರ್ಕ್ಯುಲರ್ ಗರಗಸಕ್ಕೆ ನೇರ ಪಟ್ಟಿ ಕಟ್ಟಿ ಪಕ್ಕಪಕ್ಕ ಎಳೆದರೂ ಆಯಿತು. ಮೂರೂ ಹಲಗೆಯ ಕೆಳ ಅಂಚೇ ಗೈಡಿಗೆ ತಾಗಬೇಕು. ಗಾಡಿ ಹೊಡೆಯುವ ಮೊದಲು ಪ್ರತಿ ಹಲಗೆಯ ಒಳಮೈ ಮತ್ತು ಕೆಳ ಅಂಚಿಗೆ ಪೆನ್ಸಿಲ್ ಗುರುತು ಹಾಕಿ. ಗುರುತಿಲ್ಲದಿದ್ದರೆ ಗಾಡಿ ತಪ್ಪು ಮೈಗೆ ಬೀಳಬಹುದು.

ಹಿಂದಿನ ಹಲಗೆಗೆ ಗಾಡಿ ಬೇಡ. ಅದರ ಎತ್ತರ 104 ಮಾತ್ರ, ತಳ ಅದರ ಕೆಳಗಿನಿಂದ ಒಳಕ್ಕೆ ಜಾರಬೇಕು. ತಳದ ಅಳತೆ 361 ಅಗಲ, 444 ಉದ್ದ.

ಜೋಡಣೆಗೆ ಫೆವಿಕಾಲ್ ಮತ್ತು 35 ಮಿ.ಮೀ. ಉದ್ದದ ಸಣ್ಣ ಸ್ಕ್ರೂ, ಒಂದು ಮೂಲೆಗೆ ಎರಡು. 2.5 ಮಿ.ಮೀ. ತೂತು ಕೊರೆಯದೆ ಸ್ಕ್ರೂ ಬಿಗಿದರೆ ಪ್ಲೈನ ಪದರ ಬಿಚ್ಚುವುದು ಖಂಡಿತ. ದಾವಣಗೆರೆಯ ಏಪ್ರಿಲ್ ಸೆಕೆಗೆ ಅಂಟು ಬೇಗ ಪೊರೆ ಕಟ್ಟುವುದರಿಂದ ಒಣಜೋಡಣೆ ಮಾಡಿ ನೋಡಿಕೊಂಡೇ ಅಂಟು ಹಚ್ಚಬೇಕು. ಅಂಟು ಹಸಿಯಿರುವಾಗಲೇ ತಳ ತೂರಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದದ ಕರ್ಣದ ಎರಡು ಮೂಲೆಗಳನ್ನು ಕ್ಲಾಂಪಿನಲ್ಲಿ ಅದುಮಿ ಸರಿಮಾಡಿ, ಆಮೇಲೆ ತಳವನ್ನು ಹಿಂದಿನ ಹಲಗೆಯ ಅಂಚಿಗೆ ಸ್ಕ್ರೂ ಮಾಡಿ. ತಳವನ್ನು ನೇರ ಮೂಲೆಗೆ ಕತ್ತರಿಸಿದ್ದರೆ ಇಡೀ ಡಬ್ಬಿಯನ್ನು ಅದೇ ಮಟ್ಟದಲ್ಲಿ ಹಿಡಿಯುತ್ತದೆ.

ಚಾನೆಲ್‌ಗೆ ಅರ್ಧ ಇಂಚಿನ ಸ್ಕ್ರೂ ಸಾಕು. ಮುಕ್ಕಾಲು ಇಂಚಿನದು ಹಾಕಿದರೆ ಮೊನೆ ಡ್ರಾ ಒಳಗೆ ಬಂದು ಕೈ ಗೀರುತ್ತದೆ. ತಲೆ ಪೂರ್ತಿ ಕೂರದ ಸ್ಕ್ರೂ ಗುಂಡಿನ ಪಟ್ಟಿಗೆ ತಾಗಿ ಪ್ರತಿ ಸಲ ಕಟಕಟ ಎನ್ನುತ್ತದೆ. ಎರಡೂ ಬದಿ ಒಂದೇ ಎತ್ತರಕ್ಕೆ ಬರಲು ಟೇಪು ನಂಬುವುದಿಲ್ಲ. ಒಂದೇ ಅಳತೆಯ ಪ್ಲೈ ತುಂಡು ಕೆಳಗಿಟ್ಟು ಅದರ ಮೇಲೆ ಚಾನೆಲ್ ಕೂರಿಸುತ್ತೇನೆ. ಮೊದಲು ಉದ್ದ ತೂತಿನಲ್ಲಿ ಮಾತ್ರ ಸ್ಕ್ರೂ, ಓಡಿಸಿ ನೋಡಿದ ಮೇಲೆ ದುಂಡನೆಯ ತೂತಿನಲ್ಲಿ.

ಡಬ್ಬಿಯ ಮುಂದೆ ಹೊರಗೆ ಕಾಣುವ ಮುಖದ ಹಲಗೆ 18 ಮಿ.ಮೀ. ಸುತ್ತ 2 ಮಿ.ಮೀ. ಸಂದು ಬರುವಂತೆ ಮೈಕಾ ಚೂರು ಸಿಕ್ಕಿಸಿ, ಒಳಗಿನಿಂದ 25 ಮಿ.ಮೀ. ಸ್ಕ್ರೂ.

ಸಾಗುವಾನಿಯಲ್ಲಿ, ಚಾನೆಲ್ ಇಲ್ಲದೆ ಮಾಡುವುದಾದರೆ ಲೆಕ್ಕ ಬೇರೆ. ಮರ ಹಿಗ್ಗುವುದು ಎಳೆಗೆ ಅಡ್ಡಲಾಗಿ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಮಳೆಗಾಲದಲ್ಲಿ ಬೆಳೆಯುವುದು ಬದಿಯ ಎತ್ತರ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಡ್ರಾ ಆಷಾಢದಲ್ಲಿ ಮೇಲೆ ಕೆಳಗೆ ಹಿಡಿದುಕೊಳ್ಳುವುದು ಇದರಿಂದಲೇ. ಬೇಸಿಗೆಯಲ್ಲಿ ಮಾಡಿದರೆ ಎತ್ತರದಲ್ಲಿ ಒಂದು ನೂಲು, ಸುಮಾರು 3 ಮಿ.ಮೀ. ಬಿಡುತ್ತೇನೆ. ಓಡುವ ಅಂಚಿಗೆ ಮೇಣದ ಬತ್ತಿ ಉಜ್ಜಬೇಕು. ಎಣ್ಣೆ ಹಚ್ಚಿದರೆ ಧೂಳು ಹಿಡಿದು ಜಿಡ್ಡುಗಟ್ಟಿ ಮತ್ತಷ್ಟು ಬಿಗಿಯುತ್ತದೆ.