ಹಳೆಯ ಪ್ರಾಣಿಚಿತ್ರ ಅಟ್ಟದಲ್ಲಿ ಸಿಕ್ಕರೆ: ಅಚ್ಚನ್ನು ಗುರುತಿಸುವ, ಮಳೆಗಾಲದಲ್ಲಿ ಕಾಪಾಡುವ ಕ್ರಮ

ಮಂಗಳೂರು, ಉಡುಪಿಯ ಹಳೆಯ ಮನೆಗಳಲ್ಲಿ ಅಟ್ಟ ಖಾಲಿ ಮಾಡುವಾಗ, ಹರಿದ ಪುಸ್ತಕವೊಂದರ ನಡುವಿನಿಂದ ಕಾಡುಪಾಪ, ಚಿಪ್ಪುಹಂದಿ ಅಥವಾ ಸಿಂಗಳೀಕದ ಹಳೆಯ ಅಚ್ಚುಚಿತ್ರ ಹೊರಬರುವುದುಂಟು. ಅದನ್ನು ಒದ್ದೆಬಟ್ಟೆಯಿಂದ ಒರೆಸಿ, ಅಂಚು ಕತ್ತರಿಸಿ, ನೇರವಾಗಿ ಫ್ರೇಮ್ ಹಾಕುವ ಅಂಗಡಿಗೆ ಕೊಟ್ಟರೆ, ಅದು ಹೇಗೆ ಅಚ್ಚಾಯಿತೆಂದು ತಿಳಿಸುವ ಗುರುತುಗಳೆಲ್ಲ ಹೊರಟುಹೋಗುತ್ತವೆ.

ಮೊದಲು ಕೈ ತೊಳೆದು ಒಣಗಿಸಿಕೊಂಡು, ಹಾಳೆಯನ್ನು ಕಿಟಕಿಯ ಬಳಿ ಬಿಳಿ ಕಾಗದದ ಮೇಲಿಟ್ಟು, ಓರೆ ಬೆಳಕಿನಲ್ಲಿ ನೋಡಿ. ಚಿತ್ರದ ಸುತ್ತ ಆಯತಾಕಾರದ ತಗ್ಗು ಕಂಡರೆ ಅದು ಲೋಹದ ತಗಡಿನಿಂದ ಒತ್ತಿದ್ದು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಆ ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ನೆನೆಸಿದ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತುತ್ತಿದ್ದುದರಿಂದ ತಗಡಿನ ಅಂಚು ಕಾಗದದಲ್ಲಿ ಉಳಿಯುತ್ತಿತ್ತು. ಪುಸ್ತಕ ಕಟ್ಟುವಾಗ ಅಂಚು ಕತ್ತರಿಸಿದ್ದರೆ ತಗ್ಗು ಕಾಣದು; ಆದ್ದರಿಂದ ಇದೊಂದನ್ನೇ ನಂಬಬಾರದು.

ಅನಂತರ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಉಳಿಯಿಂದ ಕೊರೆದ ಗೆರೆ ನಡುವೆ ದಪ್ಪವಾಗಿ, ತುದಿಗೆ ಬಂದಂತೆ ಚೂಪಾಗುತ್ತದೆ. ಸೀಮೆಸುಣ್ಣ ಉಜ್ಜಿದಂತೆ ಹರಳುಹರಳಾದ ನೆರಳಿದ್ದರೆ ಅದು ಕಲ್ಲಚ್ಚು, ಅಂದರೆ ನಯವಾದ ಕಲ್ಲಿನ ಮೇಲೆ ಬರೆದು ಒತ್ತಿದ್ದು (ಲಿಥೋಗ್ರಾಫ್). 1843ರಲ್ಲಿ ನಮ್ಮ ‘ಮಂಗಳೂರ ಸಮಾಚಾರ’ ಪತ್ರಿಕೆ ಅಚ್ಚಾದದ್ದೂ ಕಲ್ಲಚ್ಚಿನಲ್ಲಿಯೇ. ಈ ವಿಧಾನ ಜರ್ಮನಿಯಲ್ಲಿ ಹುಟ್ಟಿದ್ದು 1790ರ ದಶಕದ ಕೊನೆಯಲ್ಲಾದ್ದರಿಂದ, ಕಲ್ಲಚ್ಚಿನ ಚಿತ್ರವೊಂದನ್ನು 1770ರದೆಂದು ಮಾರುವವರ ಮಾತನ್ನು ಒಪ್ಪುವಂತಿಲ್ಲ. ಸಾಲುಗಟ್ಟಿದ ಚುಕ್ಕಿಗಳೇ ಕಂಡರೆ ಅದು ಮುಂದಿನ ಕಾಲದ ಮರುಮುದ್ರಣ. ಬಣ್ಣ ಅಲ್ಲಲ್ಲಿ ಗೆರೆ ದಾಟಿ ಹರಿದಿದ್ದರೆ, ಅದನ್ನು ಕುಂಚದಿಂದ ಕೈಯಲ್ಲಿಯೇ ತುಂಬಿರುವ ಸಾಧ್ಯತೆ ಹೆಚ್ಚು.

ಚಿತ್ರದ ಕೆಳಗೆ ಎಡಮೂಲೆಯಲ್ಲಿ ಹೆಸರಿನ ಜೊತೆ ‘ಡೆಲ್’ (del.) ಎಂದಿದ್ದರೆ ಅದು ಚಿತ್ರ ಬರೆದವರ ಹೆಸರು, ಬಲಮೂಲೆಯಲ್ಲಿ ‘ಸ್ಕಲ್ಪ್’ (sculp.) ಎಂದಿದ್ದರೆ ತಗಡು ಕೊರೆದವರ ಹೆಸರು. ಇವು ಲ್ಯಾಟಿನ್ ಪದಗಳ ಸಂಕ್ಷೇಪಗಳು. ಅಂಚನ್ನು ಕತ್ತರಿಸಬಾರದೆನ್ನಲು ಇದೂ ಒಂದು ಕಾರಣ.

ಪ್ರಾಣಿಯ ರೂಪ ವಿಚಿತ್ರವಾಗಿದೆಯೆಂದು ಚಿತ್ರವನ್ನು ಕಡೆಗಣಿಸಬೇಡಿ. ಭಾರತದಿಂದ ಲಿಸ್ಬನ್‌ಗೆ ಬಂದಿಳಿದ ಘೇಂಡಾಮೃಗವನ್ನು ಸ್ವತಃ ಕಾಣದೆ, ವರ್ಣನೆಯನ್ನೂ ರೇಖಾಚಿತ್ರವನ್ನೂ ಆಧರಿಸಿ, ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಅದರ ಬೆನ್ನ ಮೇಲೆ ಇಲ್ಲದ ಪುಟ್ಟ ಕೊಂಬೊಂದನ್ನು ಬರೆದನು. ಯುರೋಪಿನಲ್ಲಿ ಕುಳಿತು ಕೊರೆದ ಹಲವರ ಎದುರಿಗಿದ್ದುದು ಒಣಗಿದ ತೊಗಲು ಅಥವಾ ಮದ್ಯಸಾರದಲ್ಲಿಟ್ಟ ದೇಹ. ಮರವೇರುವ ಕಾಡುಪಾಪವು ನೆಲದ ಮೇಲೆ ನಾಯಿಯಂತೆ ನಿಂತಿದ್ದರೆ, ಅದು ಆ ಕಾಲದ ತಿಳಿವಳಿಕೆ ಎಷ್ಟಿತ್ತೆಂಬುದಕ್ಕೆ ಸಿಕ್ಕ ಸಾಕ್ಷಿ. ನನಗೆ ಇಂಥ ತಪ್ಪುಗಳಿರುವ ಹಾಳೆಗಳೇ ಹೆಚ್ಚು ಅಮೂಲ್ಯವೆನಿಸುತ್ತವೆ.

ಇನ್ನು ಕಾಪಾಡುವ ಮಾತು. ನಮ್ಮ ಮುರಕಲ್ಲಿನ ಗೋಡೆಗಳು ಜೂನ್‌ನಿಂದ ತುಳುವರ ಆಟಿ ತಿಂಗಳು (ಆಗಸ್ಟ್ ನಡುಭಾಗ) ಮುಗಿಯುವವರೆಗೂ ತೇವ ಹೀರುತ್ತವೆ. ಮಳೆ ಬಡಿಯುವ ಹೊರಗೋಡೆಗೆ ಚಿತ್ರವನ್ನು ತೂಗುಹಾಕಬೇಡಿ. ಒಳಗೋಡೆಯಲ್ಲಿಯೂ ಫ್ರೇಮಿನ ಹಿಂದೆ ಸಣ್ಣ ಬಿರಡೆಗಳನ್ನಿಟ್ಟು ಗಾಳಿಗೆ ಎಡೆ ಬಿಡಿ. ಆಮ್ಲರಹಿತ ರಟ್ಟನ್ನೇ ಕೇಳಿ ಹಾಕಿಸಿ, ಚಿತ್ರ ಗಾಜಿಗೆ ತಾಗದಂತೆ ನೋಡಿಕೊಳ್ಳಿ. ಸೆಲೊಟೇಪ್, ಫೆವಿಕಾಲ್, ಲ್ಯಾಮಿನೇಷನ್ ಯಾವುದೂ ಬೇಡ. ಕಂದು ಚುಕ್ಕೆಗಳನ್ನು ಬ್ಲೀಚಿಂಗ್ ಪುಡಿಯಿಂದ ತೆಗೆಯಲು ಹೋದರೆ ಕಾಗದದ ನಾರೇ ಶಿಥಿಲವಾಗುತ್ತದೆ, ಜಲವರ್ಣ ಹರಡಿಹೋಗುತ್ತದೆ. ಆ ಕೆಲಸವನ್ನು ತರಬೇತಿ ಪಡೆದ ಸಂರಕ್ಷಕರಿಗೇ ಬಿಡಬೇಕು. ಫ್ರೇಮ್ ಹಾಕದ ಹಾಳೆಗಳನ್ನು ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿಟ್ಟು, ಮಳೆ ನಿಂತ ಒಣದಿನಗಳಲ್ಲಿ ನೆರಳಿನಲ್ಲಿಯೇ ತೆರೆದು, ಹುಳು ಹಿಡಿದಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ.