ಫೈನ್ ಕಟ್ಟಿ ಮುಗಿಸು ಅಂದರು, ನಾನು ಕಟ್ಟಲಿಲ್ಲ

2022ರ ಮಳೆಗಾಲ, ರಾತ್ರಿ ಹೊತ್ತು, ಹೊಸೂರು ರಸ್ತೆ. ನನ್ನ ಆ್ಯಪ್ ಕ್ಯಾಬ್‌ನ ಹಿಂದಿನ ಸೀಟಿನಲ್ಲಿ ರಿಟೈರ್ಡ್ ಟೀಚರ್ ಒಬ್ಬರಿದ್ದರು. ಎಡಗಡೆಯಿಂದ ಒಂದು ಬೈಕ್ ಅಡ್ಡ ಬಂತು, ಸ್ಟೇರಿಂಗ್ ಬಲಕ್ಕೆ ಎಳೆದೆ, ಗಾಡಿ ಹೋಗಿ ಡಿವೈಡರ್‌ಗೆ ಗುದ್ದಿತು. ಟೀಚರ್ ಅವರ ಮಣಿಕಟ್ಟು ಮುರಿಯಿತು. ಬೈಕಿನವನು ನಿಲ್ಲಲೇ ಇಲ್ಲ. ಎಫ್‌ಐಆರ್ ನನ್ನ ಮೇಲಾಯಿತು, ಐಪಿಸಿ 279 (ಅಜಾಗರೂಕ ಚಾಲನೆ) ಮತ್ತು 338 (ಅಜಾಗರೂಕತೆಯಿಂದ ತೀವ್ರ ಗಾಯ). 2024ರ ಜುಲೈ 1ರಿಂದ ಈಚಿನ ಕೇಸ್ ಆದರೆ ಐಪಿಸಿ ಬದಲು ಬಂದ ಬಿಎನ್‌ಎಸ್‌ನ 281 ಮತ್ತು 125(ಬಿ) ಅಂತಿರುತ್ತದೆ.

ಸ್ಟೇಷನ್‌ನಲ್ಲೇ ಬೇಲ್ ಸಿಕ್ಕಿತು. ಬ್ರೇಕ್ ಇನ್‌ಸ್ಪೆಕ್ಟರ್ ನೋಡಿದ ಮೇಲೆ ಗಾಡಿಯೂ ಬಂತು. ಆದರೆ ಚಾರ್ಜ್‌ಶೀಟ್ ಆದಮೇಲೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೇಸ್ ಕಾಣಿಸಿ, ಕಂಪನಿಯವರು ಐಡಿ ಬ್ಲಾಕ್ ಮಾಡಿದರು. ಮನೇಲಿ ಇಎಂಐ ನಿಂತಿರಲಿಲ್ಲ, ಅಲ್ವಾ.

ಜೊತೆಯ ಡ್ರೈವರ್‌ಗಳೆಲ್ಲ ಒಂದೇ ಮಾತು: "ತಪ್ಪಾಯ್ತು ಅಂತ ಒಪ್ಕೊಂಡು ಫೈನ್ ಕಟ್ಟಿ ಬಾ ಗುರು, ಮಧ್ಯಾಹ್ನಕ್ಕೆ ಮುಗಿಯುತ್ತೆ." ನಿಜ, ನನ್ನ ಮೇಲಿದ್ದ ಆ ಎರಡು ಐಪಿಸಿ ಸೆಕ್ಷನ್‌ಗಳಿಗೆ ಫೈನ್ ತಲಾ 1000 ರೂಪಾಯಿ ಮೀರಲ್ಲ. ಲಾಯರ್‌ಗೆ ಕೊಡೋಕೆ ದುಡ್ಡಿಲ್ಲದೆ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ, ಆದಾಯ ಪ್ರಮಾಣ ಪತ್ರ ತೋರಿಸಿದ ಮೇಲೆ ಉಚಿತವಾಗಿ ಒಬ್ಬರು ಮೇಡಂ ಸಿಕ್ಕರು. (ಸಹಾಯವಾಣಿ 15100.) ಅವರು ಫೈಲ್ ಮುಚ್ಚಿಟ್ಟು ಹೇಳಿದರು: "ಅಣ್ಣ, ಫೈನ್ ಕಟ್ಟಿದ್ರೆ ಕೇಸ್ ಮುಗಿಯುತ್ತೆ, ಆದ್ರೆ ಶಿಕ್ಷೆ ಆಯ್ತು ಅನ್ನೋದು ನಿಮ್ಮ ಹೆಸರಲ್ಲೇ ಉಳಿಯುತ್ತೆ. ಅದನ್ನ ಆಮೇಲೆ ಅಳಿಸೋಕೆ ಅಂತಲೇ ಒಂದು ಕಾನೂನು ನಮ್ಮಲ್ಲಿಲ್ಲ." ಇದನ್ನು ಎಲ್ಲ ಡ್ರೈವರ್‌ಗಳಿಗೂ ಕೂಗಿ ಹೇಳಬೇಕು ಅನಿಸುತ್ತದೆ ನನಗೆ.

338 ಅನ್ನು ಗಾಯಾಳು ಒಪ್ಪಿದರೆ ಕೇಸ್ ನಡೆಯುವ ಕೋರ್ಟ್‌ನ ಅನುಮತಿ ಪಡೆದು ರಾಜಿ ಮಾಡಬಹುದು. 279ಕ್ಕೆ ಹಾಗಾಗಲ್ಲ. ಎರಡೂ ಹೋಗಬೇಕಂದರೆ ಹೈಕೋರ್ಟ್‌ನಲ್ಲಿ ಕೇಸ್ ರದ್ದತಿಗೆ ಅರ್ಜಿ ಹಾಕಬೇಕು, ಆಗ ಅದು ಕ್ರಿಮಿನಲ್ ಕೇಸ್ ನಡೆಸುವ ಕಾನೂನಾದ ಸಿಆರ್‌ಪಿಸಿಯ 482, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 528.

ಕೇಸ್ ರದ್ದತಿಗೆ ಒಪ್ಪಿಗೆ ಅಂತ ಅಫಿಡವಿಟ್‌ಗೆ ಸಹಿ ಕೇಳೋಕೆ ಟೀಚರ್ ಮನೆಗೆ ಹೋದೆ. ಕೈಯಿನ್ನೂ ಪೂರ್ತಿ ಮಡಚಲು ಬರುತ್ತಿರಲಿಲ್ಲ, ಎಡಗೈಯಲ್ಲೇ ಕಾಫಿ ತಂದುಕೊಟ್ಟರು. ನನಗೆ ತಲೆ ಎತ್ತಿ ಕೂರೋಕಾಗಲಿಲ್ಲ. ಅವರಿಗಿದ್ದದ್ದು ಒಂದೇ ಭಯ, ಸಹಿ ಹಾಕಿದರೆ ಪರಿಹಾರ ತಪ್ಪಿಹೋಗುತ್ತಾ ಅಂತ. ಕ್ರಿಮಿನಲ್ ಕೇಸ್ ಬೇರೆ, ಪರಿಹಾರದ ಎಂವಿಸಿ (ಮೋಟಾರು ವಾಹನ ಕ್ಲೇಮ್) ಕೇಸ್ ಬೇರೆ. ಅದರಲ್ಲಿ ದುಡ್ಡು ಕೊಡಬೇಕಾದ್ದು ನನ್ನ ಗಾಡಿಯ ಇನ್ಶೂರೆನ್ಸ್‌ನವರು. 2022ರ ಏಪ್ರಿಲ್ 1ರಿಂದ ಬಂದ ತಿದ್ದುಪಡಿ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ಅವರ ಮಗ ಹಾಕಿದ್ದ. ನಾನು ಡಿಎಲ್, ಪರ್ಮಿಟ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಪಾಲಿಸಿ ಎಲ್ಲದರ ಜೆರಾಕ್ಸ್ ಅವರ ಲಾಯರ್‌ಗೆ ಕೊಟ್ಟೆ. ಇವುಗಳಲ್ಲಿ ಒಂದು ಸರಿಯಿಲ್ಲ ಅಂದರೂ ಇನ್ಶೂರೆನ್ಸ್‌ನವರು ಅದನ್ನೇ ಹಿಡಿದು ಜಗ್ಗಾಡುತ್ತಾರೆ. ಆಮೇಲೆ ಟೀಚರ್ ತಾವಾಗಿಯೇ ಅಫಿಡವಿಟ್‌ಗೆ ಸಹಿ ಹಾಕಿದರು.

ಹೈಕೋರ್ಟ್ ಕೇಸ್ ರದ್ದು ಮಾಡಿತು. ಅಷ್ಟಕ್ಕೇ ಕಂಪ್ಯೂಟರ್‌ನಲ್ಲಿ ತಾನಾಗಿ ಏನೂ ಬದಲಾಗಲಿಲ್ಲ. ಆದೇಶದ ಸರ್ಟಿಫೈಡ್ ಕಾಪಿ ತಗೊಂಡು ಸ್ಟೇಷನ್‌ಗೆ ಮೂರು ಸಲ ಅಲೆದೆ, ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಆಮೇಲೆ ಸೇವಾ ಸಿಂಧುನಲ್ಲಿ ಪಿಸಿಸಿಗೆ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಹೊಸದಾಗಿ ಅರ್ಜಿ ಹಾಕಿದೆ, ಈ ಸಲ ಕ್ಲಿಯರ್ ಬಂತು. ಐಡಿ ಓಪನ್ ಆಯಿತು.

ಟೀಚರ್ ಅವರ ಎಂವಿಸಿ ಕೇಸ್ ಇನ್ನೂ ನಡೆಯುತ್ತಿದೆ. ಸಾಕ್ಷಿಗೆ ಕರೆದರೆ ಬರುತ್ತೇನೆ ಅಂತ ಅವರ ಲಾಯರ್‌ಗೆ ಹೇಳಿದ್ದೇನೆ.