ಮೂಡ್ ಕೆಟ್ಟಾಗ ಯಾವ ಹಾಡು ಹಾಕಬೇಕು?

ಮನಸ್ಸು ಕೆಟ್ಟಿರುವಾಗ ಯಾರಾದರೂ "ಒಂದು ಜೋಶ್ ಇರೋ ಹಾಡು ಹಾಕು, ಸರಿಹೋಗುತ್ತೆ" ಅಂದರೆ ಕೇಳಬೇಡಿ. ಹಾಡು ಅದರ ಪಾಡಿಗೆ ಕುಣಿಯುತ್ತಿರುತ್ತದೆ, ನೀವು ಗೋಡೆ ನೋಡುತ್ತಾ ಕೂತಿರುತ್ತೀರಿ, ಇನ್ನೂ ಜಾಸ್ತಿ ರೇಗುತ್ತದೆ ಅಷ್ಟೇ. ಮೊದಲು ಈಗಿರುವ ಮೂಡಿಗೆ ಹೊಂದುವ ಹಾಡು, ಆಮೇಲೆ ನಿಧಾನಕ್ಕೆ ಬೇಕಾದ ಕಡೆಗೆ. ಸಂಗೀತ ಚಿಕಿತ್ಸೆ ಮಾಡುವವರು ಇದನ್ನು ಐಸೋ ಪ್ರಿನ್ಸಿಪಲ್ ಅನ್ನುತ್ತಾರೆ. 1940ರ ದಶಕದಿಂದಲೂ ಇದು ಬಳಕೆಯಲ್ಲಿದೆ.

ಅದಕ್ಕೂ ಮುಂಚೆ, ನಿಮ್ಮ ಇಷ್ಟದ ಹಾಡುಗಳು ನಿಮಗೆ ನಿಜವಾಗಿ ಏನು ಮಾಡುತ್ತವೆ ಅಂತ ತಿಳಿದುಕೊಳ್ಳಿ. ಹಾಡು ಇಷ್ಟವಾಗುವುದು ಬೇರೆ, ಅದರಿಂದ ಹಿತವಾಗುವುದು ಬೇರೆ. ಒಂದು ವಾರ ಫೋನಿನಲ್ಲೇ ಬರೆದಿಡಿ: ಯಾವ ಹಾಡು, ಕೇಳುವ ಮುಂಚೆ ಹೇಗಿತ್ತು, ಮುಗಿದು ಹತ್ತು ನಿಮಿಷವಾದ ಮೇಲೆ ಹೇಗಿದೆ. ಆ ಹತ್ತು ನಿಮಿಷ ಬಿಡಬೇಡಿ, ಯಾಕೆಂದರೆ ಹಾಡು ಓಡುತ್ತಿರುವಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಬಣ್ಣ ಬಯಲಾಗುವುದು ಆಮೇಲೆ.

ಮೈ ಜುಮ್ಮೆನ್ನುವ ಜಾಗವನ್ನೂ ಗುರುತು ಹಾಕಿಕೊಳ್ಳಿ. ವಾದ್ಯಗಳೆಲ್ಲ ಒಮ್ಮೆಗೇ ನಿಂತು ದನಿ ಒಂದೇ ಉಳಿಯುವಾಗ, ಅಥವಾ ದನಿ ತಟ್ಟನೆ ಮೇಲಕ್ಕೇರುವಾಗ ತೋಳಿನ ಕೂದಲು ಎದ್ದು ನಿಲ್ಲುತ್ತದೆ, ಅಲ್ವಾ? ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದ ಪ್ರಕಾರ, ಮಿದುಳಿನಲ್ಲಿ ಡೋಪಮೈನ್ ಅನ್ನುವ, ಖುಷಿಗೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಗುವುದು ಆ ಕ್ಷಣದಲ್ಲಿ ಮಾತ್ರ ಅಲ್ಲ, ಅದು ಬರುತ್ತದೆ ಅಂತ ಕಾಯುವಾಗಲೂ ಹೌದು. ಹಾಗಾಗಿ ಫಾರ್ವರ್ಡ್ ಮಾಡಿ ಚೆಂದದ ಸಾಲಿಗೆ ನೆಗೆಯಬೇಡಿ. ಕಾಯುವ ಸುಖವೂ ಹಾಡಿನದೇ.

ಈಗ ಪಟ್ಟಿ ಮಾಡಿ. ನಾಲ್ಕೈದು ಹಾಡು ಸಾಕು. ಬೇಸರಕ್ಕಾದರೆ ಮೊದಲನೆಯದು ನಿಧಾನದ್ದು, ವಾದ್ಯ ಕಡಿಮೆ, ದನಿ ಹತ್ತಿರದಲ್ಲಿರುವಂಥದ್ದು. ಎರಡನೆಯದು ಅದೇ ವೇಗ, ಆದರೆ ಸಾಹಿತ್ಯ ಅಷ್ಟು ಭಾರವಿಲ್ಲದ್ದು. ಮೂರನೆಯದರಲ್ಲಿ ತಾಳ ಸ್ವಲ್ಪ ಎದ್ದು ಕೇಳಬೇಕು. ಇಲ್ಲಿ ನಿಮ್ಮ ಕಾಲು ನೋಡಿಕೊಳ್ಳಿ. ತಾನಾಗಿ ತಾಳ ಹಾಕುತ್ತಿದ್ದರೆ ಮುಂದಿನ ಜೋರು ಹಾಡಿಗೆ ಹೋಗಬಹುದು, ಇಲ್ಲದಿದ್ದರೆ ಒಂದು ಹಾಡು ಹಿಂದಕ್ಕೆ ಬನ್ನಿ. ಸಿಟ್ಟು ಬಂದಿದ್ದರೆ ಇದೇ ಕ್ರಮ ತಲೆಕೆಳಗು: ಡ್ರಮ್ ಜೋರಾಗಿರುವುದರಿಂದ ಶುರು ಮಾಡಿ ಇಳಿಯುತ್ತಾ ಬನ್ನಿ.

ಅಳಿಸುವ ಹಾಡು ಕೆಟ್ಟದ್ದೇನಲ್ಲ. ಅತ್ತು ಹಗುರಾದರೆ ಅದು ಕೆಲಸ ಮಾಡಿದ ಹಾಗೆ. ತೊಂದರೆ ಶುರುವಾಗುವುದು ರಿಪೀಟ್ ಬಟನ್‌ನಿಂದ. ಅದೇ ಹಾಡು, ಅದೇ ಸಾಲು, ತಲೆಯಲ್ಲಿ ಅದೇ ಜಗಳ ಸುತ್ತುತ್ತಾ ಇದ್ದರೆ ಅದು ಸಮಾಧಾನ ಅಲ್ಲ, ಗಾಯ ಕೆರೆದುಕೊಳ್ಳುವುದು. ಆಗ ಮಾತೇ ಇಲ್ಲದ ಬರೀ ವಾದ್ಯದ್ದು ಹಾಕಿ.

ಇನ್ನು ಹಳೇ ಹಾಡುಗಳು. ಹದಿಹರೆಯದಲ್ಲಿ ಕೇಳಿದ್ದು ಬೇರೆ ಎಲ್ಲಕ್ಕಿಂತ ಗಟ್ಟಿಯಾಗಿ ನೆನಪಿಗೆ ಅಂಟಿಕೊಂಡಿರುತ್ತದೆ, ಜೊತೆಗೆ ಆಗಿನ ಜನರನ್ನೂ ಎಳೆದು ತರುತ್ತದೆ. ಯಾರದೋ ಮುಖ ನೆನಪಾಗಿ ದಿನ ಹಾಳಾಗುವ ಹಾಡನ್ನು, ಎಷ್ಟೇ ಚೆನ್ನಾಗಿದ್ದರೂ, ಈ ಪಟ್ಟಿಯಿಂದ ತೆಗೆಯಿರಿ. ಬೇರೆ ಪಟ್ಟಿಗೆ ಹಾಕಿ, ಶಫಲ್‌ನಲ್ಲಿ ಸುಮ್ನೆ ಬಂದು ಬೀಳಬಾರದು.

ತುಂಬಾ ಇಷ್ಟದ ಒಂದೆರಡು ಹಾಡನ್ನು ದಿನಾ ಕೇಳದೆ ಉಳಿಸಿಕೊಳ್ಳಿ. ಕೇಳಿದಷ್ಟೂ ಇಷ್ಟ ಏರುತ್ತದೆ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ. ಅಲಾರಂಗಂತೂ ಬೇಡವೇ ಬೇಡ. ನಾಲ್ಕು ದಿನದಲ್ಲಿ ಆ ಹಾಡಿನ ಮೊದಲ ಸ್ವರ ಕೇಳಿದರೇ ಎದೆ ಧಸಕ್ ಅನ್ನುತ್ತದೆ. ಓದುವಾಗ, ಬರೆಯುವಾಗ ಸಾಹಿತ್ಯ ಇರುವ ಹಾಡು ಬೇಡ, ಗಮನ ಅತ್ತ ಹೋಗುತ್ತದೆ. ಕೆಲವರಿಗೆ ಯಾವ ಹಾಡಿನಿಂದಲೂ ಏನೂ ಅನ್ನಿಸುವುದಿಲ್ಲ, ಅದೂ ಸಹಜವೇ. ಅಂಥವರಿಗೆ ಹೆಡ್‌ಫೋನ್ ಕೊಟ್ಟು ಕಾಟ ಕೊಡಬೇಡಿ.

ಪಟ್ಟಿ ಮುಗಿದ ಮೇಲೂ ಒಂದು ಸಾಲು ತಲೆಗೆ ಹತ್ತಿಕೊಂಡು ಬಿಡದಿದ್ದರೆ ಚೂಯಿಂಗ್ ಗಮ್ ಅಗಿಯಿರಿ. ತಮಾಷೆ ಅಲ್ಲ, ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಬಾಯಿಗೆ ಕೆಲಸ ಕೊಟ್ಟರೆ ತಲೆಯೊಳಗಿನ ಹಾಡು ಕಡಿಮೆಯಾಗುತ್ತದೆ.